ಮರಕಾನಾದ ಗೋಲುಗಂಬ

ಕೆಲವು ಜಾಗಗಳ ಹಣೆಬರಹ ವಿಚಿತ್ರ. ಅಲ್ಲಿ ಎಷ್ಟೋ ಸಂಗತಿಗಳು ನಡೆದಿರುತ್ತವೆ. ಆದರೆ ಹೆಸರು ಎತ್ತಿದ ಕೂಡಲೇ ಜಗತ್ತಿಗೆ ನೆನಪಾಗೋದು ಒಂದೇ ಗಳಿಗೆ. ಮೆಕ್ಸಿಕೊ ನಗರದ ಒಲಿಂಪಿಕ್ ಸ್ಟೇಡಿಯಂ ಅಂದರೆ 1968ರ ಅಕ್ಟೋಬರ್ 16; ಪದಕದ ಮೆಟ್ಟಿಲ ಮೇಲೆ ನಿಂತು ಟಾಮಿ ಸ್ಮಿತ್, ಜಾನ್ ಕಾರ್ಲೋಸ್ ಎಂಬ ಇಬ್ಬರು ಕರಿಯರು ಎತ್ತಿದ ಮುಷ್ಟಿ. ಆಫ್ರಿಕಾದ ಕಿನ್ಶಾಸಾ ಅಂದರೆ 1974ರ ಅಕ್ಟೋಬರ್ 30. ಫೋರ್ಮನ್‌ನನ್ನು ಕೆಡವಿದ ಮಹಮದ್ ಅಲಿ. ಇವು ನಮ್ಮಂಥವರ ಎದೆ ಉಬ್ಬಿಸುವ ಜಾಗಗಳು. ಇವುಗಳ ಬಗ್ಗೆ ಬರೆಯೋದೂ ಸುಲಭ. ಗೆದ್ದವನ ಜೊತೆ ನಿಲ್ಲೋಕೆ ಯಾರಿಗೆ ಕಷ್ಟ? ನಾನು ಬರೆಯಬೇಕೆಂದಿರುವುದು ಒಬ್ಬ ಸೋತವನ ಬಗ್ಗೆ, ಅವನು ಸೋತ ಜಾಗದ ಬಗ್ಗೆ.

ಬ್ರೆಜಿಲ್ ದೇಶದ ರಿಯೊ ಡಿ ಜನೈರೊ ನಗರದಲ್ಲಿ ಮರಕಾನಾ ಎಂಬ ಸ್ಟೇಡಿಯಂ ಇದೆ. ಮರಕಾನಾ ಅನ್ನೋದು ಗಿಣಿ ಜಾತಿಯ ಒಂದು ಹಕ್ಕಿಯ ಹೆಸರು. ಆ ನೆಲದ ಮೂಲನಿವಾಸಿಗಳ ತುಪಿ ಮಾತಿನಿಂದ ಬಂದದ್ದು. ಹಕ್ಕಿಯ ಹೆಸರು ಹೊಳೆಗೆ ಬಂತು, ಹೊಳೆಯದ್ದು ಬಡಾವಣೆಗೆ ಬಂತು, ಬಡಾವಣೆಯದ್ದು ಸ್ಟೇಡಿಯಂಗೆ ಬಂತು. 1969ರ ನವೆಂಬರ್ 19ರಂದು ಪೆಲೆ ತನ್ನ ಸಾವಿರನೇ ಗೋಲು ಹೊಡೆದದ್ದು ಇಲ್ಲಿ. 1980ರಲ್ಲಿ ಪೋಪ್ ಬಂದು ಪೂಜೆ ಸಲ್ಲಿಸಿದ್ದು, ಅದೇ ವರ್ಷ ಫ್ರಾಂಕ್ ಸಿನಾತ್ರ ಹಾಡಿದ್ದು ಇಲ್ಲಿ. 2014ರ ವಿಶ್ವಕಪ್ ಫೈನಲ್ ಇಲ್ಲೇ ನಡೆಯಿತು, 2016ರ ಒಲಿಂಪಿಕ್ಸ್ ಶುರುವಾದದ್ದೂ ಇಲ್ಲೇ. ಇಷ್ಟೆಲ್ಲ ಆದರೂ ಈ ಜಾಗದ ಹೆಸರಿನಿಂದಲೇ ಹುಟ್ಟಿಕೊಂಡ ಪದ ಒಂದೇ: ಮರಕಾನಾಸೊ. ಸ್ಪ್ಯಾನಿಷ್‌ನಲ್ಲಿ ಅದರ ಅರ್ಥ ಸರಿಸುಮಾರು ‘ಮರಕಾನಾದ ಏಟು’. 1950ರ ಜುಲೈ 16ರಂದು ಬಿದ್ದ ಏಟು ಅದು.

ಕಥೆ ಗೊತ್ತಿಲ್ಲದ ಗೆಳೆಯರಿಗಾಗಿ ಮೊದಲಿಂದ ಹೇಳುತ್ತೇನೆ.

ಎರಡನೇ ಮಹಾಯುದ್ಧದಿಂದಾಗಿ 12 ವರ್ಷ ವಿಶ್ವಕಪ್ ನಡೆದಿರಲಿಲ್ಲ. ಯೂರೋಪು ಬೂದಿಯಾಗಿ ಕೂತಿತ್ತು. ನಾವು ನಡೆಸ್ತೀವಿ ಅಂತ ಬ್ರೆಜಿಲ್ ಮುಂದೆ ಬಂತು. ನಡೆಸೋದು ಅಂದ ಮೇಲೆ ಜಗತ್ತೇ ಬೆರಗಾಗಬೇಕಲ್ಲ. ಹಿಂದೆ ಶ್ರೀಮಂತರು ಕುದುರೆ ಓಡಿಸುತ್ತಿದ್ದ ಜಾಗದಲ್ಲಿ 1948ರ ಆಗಸ್ಟ್‌ನಲ್ಲಿ ಕೆಲಸ ಶುರುವಾಯಿತು. ಎರಡು ವರ್ಷ ತುಂಬುವ ಮುಂಚೆಯೇ, 1950ರ ಜೂನ್ 16ರಂದು, ಇನ್ನೂ ಕೆಲಸ ಬಾಕಿ ಇರುವಾಗಲೇ ಬಾಗಿಲು ತೆರೆದರು. ಆವತ್ತು ಅಲ್ಲಿ ಮೊಟ್ಟಮೊದಲ ಗೋಲು ಹೊಡೆದವನು ದಿದಿ ಎಂಬ ಕರಿಯ ಹುಡುಗ. ಕಾಂಕ್ರೀಟು ಹೊತ್ತ ಸಾವಿರಾರು ಕೂಲಿಗಳಲ್ಲಿ ಒಬ್ಬನ ಹೆಸರನ್ನೂ ನಾನು ಯಾವ ಪುಸ್ತಕದಲ್ಲೂ ಓದಿಲ್ಲ.

ಈ ವಿಶ್ವಕಪ್ಪಿಗೆ ನಮ್ಮ ದೇಶಕ್ಕೂ ಕರೆ ಇತ್ತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬಹುಪಾಲು ಬರಿಗಾಲಲ್ಲೇ ಆಡಿ ಫ್ರಾನ್ಸ್ ತಂಡವನ್ನು ನಡುಗಿಸಿದ್ದ ತಂಡ ನಮ್ಮದು. ಬೆಂಗಳೂರಿನ ಅಹ್ಮದ್ ಖಾನ್ ಅದರಲ್ಲಿದ್ದರು. ಬ್ರೆಜಿಲ್‌ಗೆ ಮಾತ್ರ ನಾವು ಹೋಗಲಿಲ್ಲ. ಬರಿಗಾಲಲ್ಲಿ ಆಡೋಕೆ ಬಿಡಲಿಲ್ಲ ಅಂತ ಹೋಗಲಿಲ್ಲ ಅನ್ನೋ ಕಥೆಯನ್ನು ಈಗಲೂ ಹೇಳುತ್ತಾರೆ. ಅದು ಆಮೇಲೆ ಕಟ್ಟಿದ ಕಥೆ. ವಿಶ್ವಕಪ್ ಅಂದರೆ ಏನು ಅನ್ನೋದೇ ನಮ್ಮ ದೊಡ್ಡವರಿಗೆ ಹೊಳೆದಿರಲಿಲ್ಲ. ಅವರ ಲೆಕ್ಕದಲ್ಲಿ ಒಲಿಂಪಿಕ್ಸೇ ಎಲ್ಲ. ಆದರೂ ತಪ್ಪನ್ನು ಆಟಗಾರನ ಬರಿಗಾಲಿನ ಮೇಲೆ ಹಾಕಿ ಸುಮ್ಮನಾದರು ನೋಡಿ. ಇದು ಇರಲಿ, ಮರಕಾನಾಕ್ಕೆ ವಾಪಸ್ ಹೋಗೋಣ.

ಆ ವರ್ಷದ ವಿಶ್ವಕಪ್‌ನಲ್ಲಿ ಫೈನಲ್ ಅಂತ ಇರಲಿಲ್ಲ. ಕೊನೆಗೆ ಉಳಿದ ನಾಲ್ಕು ತಂಡಗಳು ಒಬ್ಬರಿಗೊಬ್ಬರು ಆಡಿ, ಹೆಚ್ಚು ಪಾಯಿಂಟು ಪಡೆದವರಿಗೆ ಕಪ್ಪು. ಬ್ರೆಜಿಲ್ ಸ್ವೀಡನ್ನಿಗೆ 7-1, ಸ್ಪೇನಿಗೆ 6-1 ಬಾರಿಸಿತ್ತು. ಉರುಗ್ವೆ ಸ್ಪೇನ್ ಜೊತೆ 2-2 ಡ್ರಾ ಮಾಡಿಕೊಂಡು, ಸ್ವೀಡನ್ ವಿರುದ್ಧ 3-2ರಲ್ಲಿ ಏದುಸಿರು ಬಿಡುತ್ತಾ ಗೆದ್ದಿತ್ತು. ಹಾಗಾಗಿ ಕೊನೆಯ ಆಟದಲ್ಲಿ ಬ್ರೆಜಿಲ್‌ಗೆ ಒಂದು ಡ್ರಾ ಸಾಕಿತ್ತು. ಬ್ರೆಜಿಲ್ಲೇ ಚಾಂಪಿಯನ್ ಅಂತ ಆಟಕ್ಕೆ ಮುಂಚೆಯೇ ಪತ್ರಿಕೆ ಅಚ್ಚು ಹಾಕಿತು. ನಗರದ ಮೇಯರು ಮೈಕಿನ ಮುಂದೆ ನಿಂತು ಆಟಗಾರರಿಗೆ, ಇನ್ನು ಕೆಲವೇ ಗಂಟೆಯಲ್ಲಿ ನೀವು ಜಗತ್ತನ್ನು ಗೆದ್ದವರು ಎಂಬಂತೆ ಭಾಷಣ ಬಿಗಿದ. ಟಿಕೆಟು ಕೊಂಡವರೇ 1,73,850 ಜನ. ಒಳಗೆ ನುಗ್ಗಿದವರನ್ನೂ ಸೇರಿಸಿದರೆ 2 ಲಕ್ಷದ ಹತ್ತಿರ ಅನ್ನುತ್ತಾರೆ.

ಮೊದಲ ಅರ್ಧದಲ್ಲಿ ಗೋಲಿಲ್ಲ. ವಿರಾಮ ಮುಗಿದು ಎರಡೇ ನಿಮಿಷಕ್ಕೆ ಫ್ರಿಯಾಸಾ ಬ್ರೆಜಿಲ್‌ಗೆ ಗೋಲು ಹೊಡೆದ. ಸ್ಟೇಡಿಯಂ ಸಿಡಿಯಿತು. ಆಗ ಉರುಗ್ವೆಯ ಕ್ಯಾಪ್ಟನ್ ಒಬ್ದುಲಿಯೊ ವರೇಲ ಒಂದು ಕೆಲಸ ಮಾಡಿದ. ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು, ಅದು ಆಫ್‌ಸೈಡು ಅಂತ ರೆಫರಿ ಜೊತೆ ವಾದಕ್ಕೆ ನಿಂತ. ರೆಫರಿ ಇಂಗ್ಲಿಷರವನು, ಇವನಿಗೆ ಇಂಗ್ಲಿಷ್ ಬಾರದು. ಭಾಷೆ ಗೊತ್ತಿರೋ ಒಬ್ಬರನ್ನು ಕರೆಸಿ ಅಂದ. ವಾದ ಗೆಲ್ಲೋದು ಅವನಿಗೆ ಬೇಕಿರಲಿಲ್ಲ. ಎರಡು ಲಕ್ಷ ಜನರ ಕೂಗು ಆರುವಷ್ಟು ಹೊತ್ತು ಬೇಕಿತ್ತು. ಕೂಗು ಆರಿತು. 66ನೇ ನಿಮಿಷ: ಬಲಬದಿಯಿಂದ ಗಿಜಿಯಾ ಓಡಿ ಬಂದು ಚೆಂಡನ್ನು ಒಳಗೆ ಕೊಟ್ಟ, ಸ್ಕಿಯಾಫಿನೊ ಗೋಲಿಗೆ ಹಾಕಿದ. 1-1. ಹೀಗೇ ಉಳಿದಿದ್ದರೂ ಕಪ್ಪು ಬ್ರೆಜಿಲ್‌ದೇ.

79ನೇ ನಿಮಿಷ. ಅದೇ ಗಿಜಿಯಾ, ಅದೇ ಬಲಬದಿ. ಅವನನ್ನು ತಡೆಯಬೇಕಾಗಿದ್ದ ಬಿಗೋಡಿ ಹಿಂದೆ ಬಿದ್ದ. ಬಿಗೋಡಿಗೆ ಒತ್ತಾಸೆಯಾಗಿ ಬರಬೇಕಿದ್ದ ಜುವೆನಾಲ್ ತಲುಪಲಿಲ್ಲ. ಗೋಲಿನಲ್ಲಿ ನಿಂತಿದ್ದವನು ಮೊಆಸಿರ್ ಬಾರ್ಬೋಸ. ಹದಿಮೂರು ನಿಮಿಷದ ಹಿಂದೆ ಇದೇ ಮನುಷ್ಯ ಇಲ್ಲಿಂದಲೇ ಚೆಂಡನ್ನು ಒಳಕ್ಕೆ ಕೊಟ್ಟಿದ್ದ. ಈಗಲೂ ಹಾಗೇ ಮಾಡುತ್ತಾನೆ ಅಂತ ಬಾರ್ಬೋಸ ಒಂದು ಹೆಜ್ಜೆ ಮುಂದೆ ಬಂದ. ಯಾವ ಬುದ್ಧಿವಂತ ಗೋಲ್‌ಕೀಪರ್ ಆದರೂ ಹಾಗೇ ಎಣಿಸುತ್ತಿದ್ದ. ಗಿಜಿಯಾ ಕೊಡಲಿಲ್ಲ, ನೇರವಾಗಿ ಹೊಡೆದ. ಬಾರ್ಬೋಸನಿಗೂ ಅವನ ಎಡಗಡೆಯ ಕಂಬಕ್ಕೂ ನಡುವೆ ಇದ್ದ ಸಂದಿನಲ್ಲಿ ಚೆಂಡು ತೂರಿಹೋಯಿತು. ಬೀಳುತ್ತಾ ಅವನು ಚೆಂಡಿಗೆ ಕೈ ತಾಗಿಸಿದೆ ಅಂದುಕೊಂಡಿದ್ದ. ಹೊರಕ್ಕೆ ತಳ್ಳಿದೆ ಅಂದುಕೊಂಡಿದ್ದ. ಸ್ಟೇಡಿಯಂ ಮೌನವಾದದ್ದು ಕೇಳಿಸಿದಾಗಲೇ ತಿರುಗಿ ನೋಡಿದ್ದು.

ಪೆಲೆಗೆ ಆಗ 9 ವರ್ಷ. ರೇಡಿಯೊ ಮುಂದೆ ಅಪ್ಪ ಅತ್ತದ್ದನ್ನು ಅವನು ಜೀವನವಿಡೀ ಹೇಳಿಕೊಂಡ. ಫಿಫಾ ಅಧ್ಯಕ್ಷ ಜೂಲ್ಸ್ ರಿಮೆ ಬ್ರೆಜಿಲ್ ಗೆಲ್ಲುತ್ತೆ ಅಂತ ಪೋರ್ಚುಗೀಸ್ ಭಾಷಣ ಜೇಬಲ್ಲಿಟ್ಟುಕೊಂಡು ಬಂದಿದ್ದ. ಕಡೆಗೆ ಕಪ್ಪನ್ನು ಗದ್ದಲದ ನಡುವೆ ಹೇಗೋ ವರೇಲನ ಕೈಗೆ ತುರುಕಿ ನಡೆದ.

ಗೆದ್ದವರ ಸುದ್ದಿಯನ್ನೂ ಎರಡು ಮಾತಲ್ಲಿ ಹೇಳಿಬಿಡುತ್ತೇನೆ. ಯಾಕೆಂದರೆ ಇದು ಕರಿಯರು-ಬಿಳಿಯರು ಅಂತ ಗೆರೆ ಎಳೆದು ಓದುವ ಕಥೆ ಅಲ್ಲ. ವರೇಲನೂ ಕರಿಯ ರಕ್ತದವನೇ. ಅವನ ಅಡ್ಡಹೆಸರೇ ‘ಕರಿಯ ನಾಯಕ’. ಶಾಲೆಯಲ್ಲಿ ಕೆಲವೇ ವರ್ಷ ಓದಿದ ಬಡವ. 1948ರಲ್ಲಿ ಉರುಗ್ವೆಯ ಆಟಗಾರರು ಮುಷ್ಕರ ಹೂಡಿದಾಗ ಮುಂದೆ ನಿಂತವನು. ಅವತ್ತಿನ ಇನ್ನೊಬ್ಬ ಆಟಗಾರ ರೋಡ್ರಿಗಸ್ ಆಂದ್ರಾದೆಯೂ ಕರಿಯ. ಅವನ ಸೋದರಮಾವ ಹೊಸೆ ಲೆಯಾಂದ್ರೊ ಆಂದ್ರಾದೆ 1930ರ ವಿಶ್ವಕಪ್ ಗೆದ್ದ ತಂಡದಲ್ಲಿದ್ದವನು. 1916ರಲ್ಲೇ ಉರುಗ್ವೆ ಇಬ್ಬರು ಕರಿಯರನ್ನು ಆಡಿಸಿ ಚಿಲಿಯನ್ನು 4-0 ಸೋಲಿಸಿತ್ತು. ನಮ್ಮ ಮೇಲೆ ಆಫ್ರಿಕದವರನ್ನು ಆಡಿಸಿದ್ದಾರೆ ಅಂತ ಚಿಲಿ ತಕರಾರು ಹೂಡಿತ್ತು. ಮರಕಾನಾದಲ್ಲಿ ಗೆದ್ದ ರಾತ್ರಿ ವರೇಲ ವಿಜಯೋತ್ಸವ ಬಿಟ್ಟು ರಿಯೊದ ಹೆಂಡದಂಗಡಿಗಳಲ್ಲಿ ಅಳುತ್ತಾ ಕೂತಿದ್ದ ಬ್ರೆಜಿಲಿನವರ ಜೊತೆ ಕುಡಿಯುತ್ತಾ ಬೆಳಗು ಮಾಡಿದ. ಊರಿಗೆ ಹೋದ ಮೇಲೆ ಅಧಿಕಾರಿಗಳು ತಮಗೆ ತಾವೇ ಚಿನ್ನದ ಪದಕ ಕೊಟ್ಟುಕೊಂಡರಂತೆ, ಆಟಗಾರರಿಗೆ ಬೆಳ್ಳಿಯದ್ದು. ಬಂದ ದುಡ್ಡಲ್ಲಿ ವರೇಲ 1931ರ ಮಾಡೆಲ್ಲಿನ ಒಂದು ಹಳೇ ಫೋರ್ಡ್ ಕಾರು ಕೊಂಡ, ಅದೇ ವಾರ ಅದನ್ನೂ ಕದ್ದರು ಎಂದು ಉರುಗ್ವೆಯ ಲೇಖಕ ಎಡ್ವಾರ್ಡೊ ಗಲಿಯಾನೊ ಬರೆದಿದ್ದಾನೆ. ಗೆದ್ದ ಬಡವನ ಪಾಡೇ ಹೀಗಾದರೆ ಸೋತವನದ್ದು?

ಸೋಲಿಗೆ ಕಾರಣ ಯಾರು ಅಂತ ಬ್ರೆಜಿಲ್ ಹುಡುಕಿತು. ಸಿಕ್ಕವರು ಮೂವರು: ಬಾರ್ಬೋಸ, ಬಿಗೋಡಿ, ಜುವೆನಾಲ್. ಮೂವರೂ ಕಪ್ಪು ಚರ್ಮದವರು. ವರೇಲ ಬಿಗೋಡಿಯ ಕೆನ್ನೆಗೆ ಬಾರಿಸಿದ, ಅವನು ಹೇಡಿಯ ಹಾಗೆ ಬಾರಿಸಿಕೊಂಡ ಅಂತ ಒಂದು ಪುಕಾರು ಹಬ್ಬಿತು. ಬಿಗೋಡಿ ಅಲ್ಲಗಳೆದ, ಯಾರು ಕೇಳುತ್ತಾರೆ? ಎರಡು ಆಟಗಳಲ್ಲಿ 13 ಗೋಲು ಹೊಡೆದಿದ್ದ ಮುಂದಾಳುಗಳು ಅವತ್ತು ಒಂದೇ ಗೋಲಿಗೆ ಯಾಕೆ ನಿಂತರು, ಡ್ರಾ ಸಾಕಿದ್ದಾಗ ತಂಡ ಯಾಕೆ ಹಿಂದೆ ನಿಂತು ಕಾಯಲಿಲ್ಲ, ಆಟಕ್ಕೆ ಮುಂಚೆಯೇ ಭಾಷಣ ಬಿಗಿದವರ ಪಾಲೆಷ್ಟು, ಇದು ಯಾವುದೂ ಆ ಮೂವರ ಹೆಸರಿನಷ್ಟು ಉಳಿಯಲಿಲ್ಲ. ತಂಡದ ಕೋಚ್ ಆಗಿದ್ದ ಫ್ಲಾವಿಯೊ ಕೋಸ್ತ 1955ರಲ್ಲಿ ಮತ್ತೆ ರಾಷ್ಟ್ರೀಯ ತಂಡದ ಕೋಚ್ ಆದ. ಬಾರ್ಬೋಸನಿಗೆ 1953ರಲ್ಲಿ ಇನ್ನೊಂದೇ ಒಂದು ಆಟ ಸಿಕ್ಕಿತು.

ಚರ್ಮ ಒಂದೇ ಕಾರಣ ಅಂತ ನಾನು ಹೇಳಿದರೆ ಸುಳ್ಳಾಗುತ್ತದೆ. ಅದೇ ತಂಡದ ಜಿಜಿನ್ಯೊ ಕೂಡ ಬಿಳಿಯನಲ್ಲ. ಅವನನ್ನು ಆ ವಿಶ್ವಕಪ್ಪಿನ ಶ್ರೇಷ್ಠ ಆಟಗಾರ ಅಂದರು. ಆಫ್ರಿಕಾ ಮೂಲದ ತಾಯಿಯ ಮಗ ಬಾವರ್‌ನನ್ನೂ ಹೊಗಳಿದರು. ಗೋಲ್‌ಕೀಪರನ ಕೆಲಸವೇ ಹಾಗೆ; ಹತ್ತು ಜನರ ತಪ್ಪು ಕೊನೆಗೆ ಅವನ ಕಾಲ ಬುಡಕ್ಕೆ ಬಂದು ನಿಲ್ಲುತ್ತದೆ. ಹೊಗಳುವಾಗ ಬಣ್ಣ ನೋಡದ ಜನ ಬೈಯುವಾಗ ಮಾತ್ರ ನೋಡಿದರು. ಕರಿಯರಿಗೆ ಕೈಕಾಲಲ್ಲಿ ಚಳಕ ಇದೆ, ಗಟ್ಟಿ ಗಳಿಗೆಯಲ್ಲಿ ಗುಂಡಿಗೆ ಇರಲ್ಲ ಅನ್ನೋ ಮಾತು ಹುಟ್ಟಿಕೊಂಡಿತು. ಕರಿಯ ಗೋಲ್‌ಕೀಪರನನ್ನು ನಂಬಬೇಡಿ ಅನ್ನೋದು ಅಲ್ಲಿನ ಗಾದೆಯ ಹಾಗೆ ನಡೆದುಬಂತು. 1958ರಲ್ಲಿ ಬ್ರೆಜಿಲ್ ಮೊದಲ ಸಲ ವಿಶ್ವಕಪ್ ಗೆದ್ದಾಗ ಪೆಲೆ ಇದ್ದ, ದಿದಿ ಇದ್ದ, ಗರಿಂಚ ಇದ್ದ. ಗೋಲಿನಲ್ಲಿ ಮಾತ್ರ ಬಿಳಿಯ. ವಿಶ್ವಕಪ್ಪಿನ ಉದ್ದಕ್ಕೂ ಒಬ್ಬ ಕರಿಯನೇ ಮೊದಲ ಆಯ್ಕೆಯ ಗೋಲ್‌ಕೀಪರ್ ಆಗಿ ನಿಂತದ್ದು 2006ರಲ್ಲಿ, ದಿದಾ. ನಡುವೆ 56 ವರ್ಷ.

ಈ ಬಾರ್ಬೋಸ ಎಲ್ಲಿಂದ ಬಂದವನು? 1921ರಲ್ಲಿ ಕಂಪಿನಾಸ್‌ನಲ್ಲಿ ಹುಟ್ಟಿದ. ಬ್ರೆಜಿಲ್‌ನಲ್ಲಿ ಗುಲಾಮಗಿರಿ ಕಾನೂನಿನ ಪ್ರಕಾರ ಕೊನೆಯಾದದ್ದು 1888ರ ಮೇ 13ರಂದು. ಅಮೆರಿಕಾ ಖಂಡಗಳಲ್ಲೇ ಕಟ್ಟಕಡೆಗೆ. ಅಂದರೆ ಇವನು ಹುಟ್ಟಿದ್ದು ಗುಲಾಮಗಿರಿ ಹೋಗಿ 33 ವರ್ಷಕ್ಕೆ. 1945ರಲ್ಲಿ ರಿಯೊದ ವಾಸ್ಕೊ ಡ ಗಾಮ ಕ್ಲಬ್ಬಿಗೆ ಸೇರಿದ. ನಮ್ಮ ಕಲ್ಲಿಕೋಟೆಗೆ ಹಡಗು ತಂದನಲ್ಲ, ಅದೇ ವಾಸ್ಕೊ ಡ ಗಾಮನ ಹೆಸರು. ಆ ಪ್ರಯಾಣಕ್ಕೆ 400 ವರ್ಷ ತುಂಬಿದ್ದಕ್ಕೆ 1898ರಲ್ಲಿ ಆ ಹೆಸರಿಟ್ಟು ಕಟ್ಟಿದ ಕ್ಲಬ್ಬು. ದೋಣಿ ಓಟಕ್ಕೆ ಅಂತ ಹುಟ್ಟಿದ್ದು. ಹೆಸರು ಯಾರದ್ದೇ ಇರಲಿ, ಈ ಕ್ಲಬ್ಬಿನ ಚರಿತ್ರೆಯನ್ನು ಸ್ವಲ್ಪ ನಿಂತು ಹೇಳಲೇಬೇಕು.

ಬ್ರೆಜಿಲ್‌ಗೆ ಫುಟ್‌ಬಾಲ್ ಬಂದದ್ದು ಇಂಗ್ಲಿಷ್ ಕಲಿತ ಸಾಹುಕಾರರ ಮಕ್ಕಳ ಜೊತೆ. ಕರಿಯರಿಗೆ ಒಳಗೆ ಜಾಗ ಇಲ್ಲ. ಫ್ಲೂಮಿನೆನ್ಸಿ ಎಂಬ ದೊಡ್ಡಮನುಷ್ಯರ ಕ್ಲಬ್ಬಿಗೆ ಆಡಿದ ಕಾರ್ಲೋಸ್ ಆಲ್ಬರ್ಟೊ ಎಂಬ ಕಂದುಬಣ್ಣದ ಹುಡುಗ ಮುಖಕ್ಕೆ ಅಕ್ಕಿಹಿಟ್ಟಿನ ಪೌಡರು ಬಳಿದುಕೊಂಡು ಮೈದಾನಕ್ಕೆ ಇಳಿಯುತ್ತಿದ್ದನಂತೆ. ಬೆವರಿಗೆ ಅದು ಕರಗಿ ಇಳಿದಾಗ ಎದುರು ಪಕ್ಷದವರು ‘ಅಕ್ಕಿಹಿಟ್ಟು, ಅಕ್ಕಿಹಿಟ್ಟು’ ಅಂತ ಕೂಗುತ್ತಿದ್ದರಂತೆ. ಇಂಥ ಊರಿನಲ್ಲಿ 1923ರಲ್ಲಿ ವಾಸ್ಕೊ ತಂಡ ಮೇಲಿನ ದರ್ಜೆಗೆ ಬಂದ ಮೊದಲ ವರ್ಷವೇ ಚಾಂಪಿಯನ್ ಆಯಿತು. ತಂಡದಲ್ಲಿ ಇದ್ದವರು ಕರಿಯರು, ಮಿಶ್ರ ಬಣ್ಣದವರು, ಬಡ ಬಿಳಿಯರು. ಕೂಲಿ, ಪೇಂಟಿಂಗು, ಡ್ರೈವರಿಕೆ ಮಾಡೋ ಜನ. ದೊಡ್ಡ ಕ್ಲಬ್ಬುಗಳಿಗೆ ಇದನ್ನು ನುಂಗಲಾಗಲಿಲ್ಲ. 1924ರಲ್ಲಿ ಅವು ಬೇರೆ ಸಂಘ ಕಟ್ಟಿಕೊಂಡು, ವಾಸ್ಕೊ ಬರಬಹುದು, ಆದರೆ 12 ಆಟಗಾರರನ್ನು ಕೈಬಿಡಬೇಕು ಅಂದವು. ಬಣ್ಣದ ಮಾತು ಎಲ್ಲೂ ಎತ್ತಲಿಲ್ಲ. ಆಟಗಾರನಿಗೆ ಗೌರವಸ್ಥ ಉದ್ಯೋಗ ಇರಬೇಕು, ಓದುಬರಹ ಬರಬೇಕು, ಇಷ್ಟೇ ಅಂದವು.

ಎಷ್ಟು ನ್ಯಾಯವಾಗಿ ಕೇಳಿಸುತ್ತೆ ನೋಡಿ! ಆಟಕ್ಕೆ ಮುಂಚೆ ಆಟಗಾರ ತನ್ನ ಕೈಯಾರೆ ಹೆಸರು ಬರೆದು ಸಹಿ ಮಾಡಬೇಕಿತ್ತು. ವಾಸ್ಕೊದವರು ತಮ್ಮ ಹುಡುಗರಿಗೆ ಅಕ್ಷರ ಕಲಿಸಲು ಜನ ಇಟ್ಟರು. ಉದ್ದನೆಯ ಮನೆತನದ ಹೆಸರು ಬರೆಯಲು ಬಾರದವನಿಗೆ ಸಿಲ್ವ ಅಂತ ಸಣ್ಣ ಹೆಸರು ಕೊಟ್ಟರು ಎಂದು ಮಾರಿಯೊ ಫಿಲ್ಹೊ ಎಂಬ ಪತ್ರಕರ್ತ ಬರೆದಿದ್ದಾನೆ. ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ನಮ್ಮಪ್ಪ ಇವತ್ತಿಗೂ ಹೆಬ್ಬೆಟ್ಟು ಒತ್ತೋನು. ನನ್ನ ಡಿಗ್ರಿ ಅರ್ಜಿಯಲ್ಲಿ ಪೋಷಕರ ಸಹಿ ಜಾಗದಲ್ಲಿ ಅವನ ಹೆಬ್ಬೆಟ್ಟಿನ ಮಸಿ ಇತ್ತು. ಅರ್ಜಿ ಇಸ್ಕೊಂಡ ಗುಮಾಸ್ತ ಮೊದಲು ಆ ಮಸಿ ನೋಡಿದ, ಆಮೇಲೆ ನನ್ನ ಮುಖ ನೋಡಿದ, ಆಮೇಲೆ ಅರ್ಜಿಯನ್ನು ಮೂಲೆ ಹಿಡಿದು ಪಕ್ಕಕ್ಕಿಟ್ಟ. ಬಾಯಲ್ಲಿ ಒಂದು ಮಾತೂ ಆಡಲಿಲ್ಲ. ಮಾತಿಲ್ಲದೆ ಹೊರಗಿಡೋ ಕಲೆ ರಿಯೊದಲ್ಲೂ ಇತ್ತು ಅಂತ ಅವತ್ತು ಗೊತ್ತಾಯಿತು.

ವಾಸ್ಕೊದ ಅಧ್ಯಕ್ಷ ಹೊಸೆ ಆಗಸ್ಟೊ ಪ್ರೆಸ್ಟೆಸ್ 1924ರ ಏಪ್ರಿಲ್ 7ರಂದು ಉತ್ತರ ಬರೆದ. ನಮ್ಮ ಆಟಗಾರರನ್ನು ಬಿಡಲ್ಲ, ನಿಮ್ಮ ಸಂಘವೇ ಬೇಡ ಅನ್ನೋದು ಅದರ ಸಾರ. ನಿಮಗೆ ಸ್ವಂತ ಮೈದಾನ ಇಲ್ಲ ಅನ್ನೋ ಹಂಗಿಸುವಿಕೆಗೂ ಉತ್ತರ ಕೊಟ್ಟರು. ಅಭಿಮಾನಿಗಳ ಹತ್ತಿರ ಚಂದಾ ಎತ್ತಿ 1927ರಲ್ಲಿ ಸಾವೊ ಜನುವಾರಿಯೊ ಎಂಬ ಸ್ಟೇಡಿಯಂ ಕಟ್ಟಿಕೊಂಡರು. ಬಾರ್ಬೋಸ ಬಂದು ನಿಂತದ್ದು ಈ ಚರಿತ್ರೆಯ ಕ್ಲಬ್ಬಿನ ಗೋಲಿನಲ್ಲಿ. ಕೈಗವಸು ಹಾಕದೆ ಬರಿಗೈಯಲ್ಲಿ ಚೆಂಡು ಹಿಡಿಯುತ್ತಿದ್ದವನು. 1948ರಲ್ಲಿ ವಾಸ್ಕೊ ದಕ್ಷಿಣ ಅಮೆರಿಕದ ಚಾಂಪಿಯನ್ ಕ್ಲಬ್ಬಾದಾಗ, 1949ರಲ್ಲಿ ಬ್ರೆಜಿಲ್ ದಕ್ಷಿಣ ಅಮೆರಿಕ ಕಪ್ ಗೆದ್ದಾಗ ಗೋಲಿನಲ್ಲಿದ್ದವನು ಅವನೇ. ಇವು ಯಾರ ನೆನಪಲ್ಲೂ ಇಲ್ಲ.

ಸೋಲಿನ ಮೈಲಿಗೆ ಕಳೆಯೋಕೆ ಬ್ರೆಜಿಲ್ ಮೊದಲು ಮಾಡಿದ್ದು ಅಂಗಿ ಬದಲಾಯಿಸಿದ್ದು. 1950ರಲ್ಲಿ ಅವರ ಅಂಗಿ ಬಿಳಿ. ಅದು ಕೈಹತ್ತಲಿಲ್ಲ ಅಂತ 1953ರಲ್ಲಿ ಒಂದು ಪತ್ರಿಕೆ ಸ್ಪರ್ಧೆ ಇಟ್ಟಿತು. ಉರುಗ್ವೆ ಗಡಿಯ ಒಂದು ಊರಿನ 19ರ ಹುಡುಗ ಅಲ್ದಿರ್ ಶ್ಲೀ ಬರೆದ ಚಿತ್ರ ಗೆದ್ದಿತು. ಇವತ್ತು ಜಗತ್ತಿನ ಮೂಲೆಮೂಲೆಯ ಹುಡುಗರು ತೊಡುವ ಹಳದಿ ಅಂಗಿ ಹುಟ್ಟಿದ್ದು ಹಾಗೆ, ಮರಕಾನಾದ ಆ ಸಂಜೆಯಿಂದ. ಬಿಳಿ ಅಂಗಿಯನ್ನು ಬಿಚ್ಚಿ ಎಸೆದರು. ಬಾರ್ಬೋಸ ತನ್ನ ಚರ್ಮವನ್ನು ಎಲ್ಲಿ ಬಿಚ್ಚಿ ಎಸೆಯಬೇಕಿತ್ತು?

ಆಟ ಬಿಟ್ಟ ಮೇಲೆ ಹೊಟ್ಟೆಪಾಡಿಗೆ ಅವನು ಸೇರಿದ ಕೆಲಸ ಎಲ್ಲಿ ಗೊತ್ತೆ? ಅದೇ ಮರಕಾನಾದಲ್ಲಿ. ಸ್ಟೇಡಿಯಂ ನೋಡಿಕೊಳ್ಳುವ ಇಲಾಖೆಯಲ್ಲಿ ವರ್ಷಗಟ್ಟಲೆ ದುಡಿದ. ತನ್ನನ್ನು ಕೊಂದ ಜಾಗಕ್ಕೆ ದಿನಾ ಬೆಳಿಗ್ಗೆ ಕೆಲಸಕ್ಕೆ ಹೋಗಬೇಕು. 1963ರ ಸುಮಾರಿಗೆ ಹಳೆಯ ಚೌಕಾಕಾರದ ಮರದ ಗೋಲುಗಂಬಗಳನ್ನು ಕಿತ್ತು ಹೊಸವನ್ನು ಹಾಕಿದರು. ಕಿತ್ತ ಕಂಬಗಳನ್ನು ಅವನಿಗೇ ಕೊಟ್ಟರಂತೆ. ಅವನು ಅವನ್ನು ಮನೆಗೆ ಸಾಗಿಸಿ, ಸ್ನೇಹಿತರನ್ನು ಕರೆದು, ಆ ಸೌದೆ ಉರಿಯಲ್ಲಿ ಬಾಡು ಸುಟ್ಟು ಬಡಿಸಿದನಂತೆ. ನಿಜವೋ ಕಟ್ಟಿದ್ದೋ, ನಾನು ಈ ಕಥೆಯನ್ನು ನಂಬುತ್ತೇನೆ. ಯಾಕೆಂದರೆ ಅಂಥ ಮನುಷ್ಯನಿಗೆ ಮಾಡಲು ಇನ್ನೇನು ಉಳಿದಿತ್ತು?

ಕಂಬ ಸುಟ್ಟರೂ ಗೋಲು ಉರಿಯಲಿಲ್ಲ. 1970ರ ಸುಮಾರಿನಲ್ಲಿ ಒಂದು ಅಂಗಡಿಯಲ್ಲಿ ಒಬ್ಬ ಹೆಂಗಸು ಅವನನ್ನು ಗುರುತು ಹಿಡಿದಳು. ಪಕ್ಕದಲ್ಲಿದ್ದ ಮಗನಿಗೆ ಬೆರಳು ಮಾಡಿ ತೋರಿಸಿ, ನೋಡು ಮಗಾ, ಇಡೀ ಬ್ರೆಜಿಲನ್ನು ಅಳಿಸಿದವನು ಇವನೇ ಅಂದಳು. ಜೀವನದಲ್ಲಿ ತನಗೆ ಅತಿ ನೋವಾದದ್ದು ಆ ಗೋಲಿಗಲ್ಲ, ಆ ಮಾತಿಗೆ ಅಂತ ಬಾರ್ಬೋಸ ಹೇಳಿಕೊಂಡಿದ್ದಾನೆ. 1993ರಲ್ಲಿ ಉರುಗ್ವೆ ಜೊತೆ ಒಂದು ಮುಖ್ಯ ಆಟ ಇತ್ತು, ಮತ್ತೆ ಅದೇ ಮರಕಾನಾದಲ್ಲಿ. ಹುಡುಗರಿಗೆ ಒಳ್ಳೆಯದಾಗಲಿ ಅಂತ ಹೇಳೋಕೆ 72 ವರ್ಷದ ಮುದುಕ ತಂಡದ ಶಿಬಿರಕ್ಕೆ ಹೋದ. ಒಳಗೆ ಬಿಡಲಿಲ್ಲ. ಅವನು ಬಂದರೆ ಅಪಶಕುನವಂತೆ. ಬೆಳಗೆದ್ದು ಯಾರ ಮುಖ ನೋಡಬಾರದು ಅನ್ನೋ ಪಟ್ಟಿ ನಮ್ಮೂರಲ್ಲೂ ಇದೆ. ಅದರಲ್ಲಿ ನಮ್ಮ ಹಟ್ಟಿಯವರ ಹೆಸರುಗಳೇ ಜಾಸ್ತಿ. ಆ ಸೆಪ್ಟೆಂಬರಿನಲ್ಲಿ ಬ್ರೆಜಿಲ್ 2-0 ಗೆದ್ದು ವಿಶ್ವಕಪ್ಪಿಗೆ ಹೋಯಿತು. ಮುದುಕನ ಮುಖ ನೋಡದೇ ಇದ್ದದ್ದಕ್ಕೇ ಗೆದ್ದೆವು ಅಂತ ಅಂದುಕೊಂಡವರೂ ಇದ್ದಿರಬೇಕು.

ನಮ್ಮ ದೇಶದಲ್ಲಿ ಅತಿ ಹೆಚ್ಚಿನ ಶಿಕ್ಷೆ 30 ವರ್ಷ, ನನ್ನದು 50 ದಾಟುತ್ತಾ ಬಂತು ಎಂಬರ್ಥದ ಮಾತನ್ನು ಅವನು ಕೊನೆಗಾಲದಲ್ಲಿ ಆಡಿದ. 2000ದ ಏಪ್ರಿಲ್ 7ರಂದು ತೀರಿಕೊಂಡ. ಅವನ ಕ್ಲಬ್ಬು ಆ ಪತ್ರ ಬರೆದದ್ದೂ ಏಪ್ರಿಲ್ 7ರಂದೇ, 76 ವರ್ಷದ ಹಿಂದೆ.

1988ರಲ್ಲಿ ಬ್ರೆಜಿಲ್‌ನಲ್ಲಿ ಬಾರ್ಬೋಸ ಅಂತಲೇ ಒಂದು ಕಿರುಚಿತ್ರ ಬಂತು. ಹುಡುಗನಾಗಿದ್ದಾಗ ಆ ಆಟ ನೋಡಿ ಬದುಕೇ ಕೆಟ್ಟುಹೋದ ಒಬ್ಬ ಮನುಷ್ಯ ಕಾಲದಲ್ಲಿ ಹಿಂದಕ್ಕೆ ಹೋಗುತ್ತಾನೆ, ಆ ಗೋಲು ತಪ್ಪಿಸಲು. ಗೋಲಿನ ಹಿಂದೆ ನಿಂತು ಬಾರ್ಬೋಸನನ್ನು ಎಚ್ಚರಿಸಲು ಕೂಗುತ್ತಾನೆ. ಆ ಕೂಗಿಗೇ ಬಾರ್ಬೋಸನ ಗಮನ ಕದಡಿ ಗೋಲು ಆಗಿಬಿಡುತ್ತದೆ. ಆ ಸೋಲಿನ ಬಗ್ಗೆ ಅಲ್ಲಿ ರಾಶಿ ರಾಶಿ ಬರೆದಿದ್ದಾರೆ. ಬೆರಳನ್ನು ನೋಡುವವನ ಕಡೆಗೇ ತಿರುಗಿಸಿದ್ದು ಈ ಚಿತ್ರ.

ಇಲ್ಲಿ ನನ್ನ ಒಂದು ತಕರಾರು ಇದೆ. ಮಾರಿಯೊ ಫಿಲ್ಹೊನ ತಮ್ಮ, ನಾಟಕಕಾರ ನೆಲ್ಸನ್ ರೋಡ್ರಿಗಸ್, 1950ರ ಸೋಲೇ ನಮ್ಮ ಹಿರೋಷಿಮಾ ಎಂದು ಬರೆದ. ಪ್ರತಿ ದೇಶಕ್ಕೂ ವಾಸಿಯಾಗದ ಒಂದು ದುರಂತ ಇರುತ್ತೆ, ನಮ್ಮದು ಇದು ಅಂತ. ದೊಡ್ಡ ಲೇಖಕನ ಮಾತು, ಎಲ್ಲರೂ ಉದ್ಧರಿಸುತ್ತಾರೆ. ನನಗೆ ಮಾತ್ರ ಕೇಳಬೇಕು ಅನ್ನಿಸುತ್ತೆ, ಅದೇ ರಿಯೊದಲ್ಲಿ ವಲೊಂಗೊ ಅಂತ ಒಂದು ಜಾಗ ಇದೆಯಲ್ಲ, ಅದು ಏನು? ಬಂದರಿನ ಕಲ್ಲುಹಾಸಿನ ಕಟ್ಟೆ ಅದು. ಆಫ್ರಿಕದಿಂದ ಹಿಡಿದು ತಂದ ಸುಮಾರು 9 ಲಕ್ಷ ಜನರು ಸರಪಳಿಯಲ್ಲಿ ಇಳಿದ ಜಾಗ ಅಂತ ಲೆಕ್ಕ. 1843ರಲ್ಲಿ ಯೂರೋಪಿನಿಂದ ಮಹಾರಾಣಿ ಬರುತ್ತಾಳೆ ಅಂತ ಅದರ ಮೇಲೆ ಹೊಸ ಕಲ್ಲು ಹಾಸಿ ಮುಚ್ಚಿದರು. 1911ರಲ್ಲಿ ಅದರ ಮೇಲೂ ಮಣ್ಣು ಬಿತ್ತು. ಒಲಿಂಪಿಕ್ಸ್‌ಗೆ ಅಂತ ಬಂದರು ಅಗೆಯುವಾಗ 2011ರಲ್ಲಿ ಮತ್ತೆ ಹೊರಬಂತು. 2017ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಒಂದೇ ನಗರ. ಒಂದು ಕಡೆ ಒಂದು ಚೆಂಡು ಗೆರೆ ದಾಟಿದ ಗಳಿಗೆಯನ್ನು ಅಂಗುಲ ಅಂಗುಲ ಅಳೆದು ತಲೆಮಾರುಗಳಿಗೆ ಬಾಯಿಪಾಠ ಮಾಡಿಸಿದರು. ಇನ್ನೊಂದು ಕಡೆ 9 ಲಕ್ಷ ಜನ ಕಾಲಿಟ್ಟ ಕಲ್ಲನ್ನೇ ಮರೆತರು. ಆ ಕಲ್ಲಿನ ಮೇಲೆ ಇಳಿದಂಥವರ ಕುಲದ ಒಬ್ಬನ ತಲೆ ಮೇಲೆ ಈ ಚೆಂಡಿನ ಭಾರ ಹೊರಿಸಿದರು.

ಮರಕಾನಾ ಈಗ ಆ ಮರಕಾನಾ ಅಲ್ಲ. ಮೈದಾನದ ಸುತ್ತ ಕೆಳಗೆ, ಬಡವರು ಕಾಸು ಕೊಟ್ಟು ನಿಂತು ನೋಡುತ್ತಿದ್ದ ಜಾಗ ಇತ್ತು. ಜೆರಾಲ್ ಅಂತ ಕರೆಯುತ್ತಿದ್ದರು. ಅಲ್ಲಿಂದ ಆಟ ಸರಿಯಾಗಿ ಕಾಣುತ್ತಿರಲಿಲ್ಲ, ಆದರೂ ಅದು ಅವರದ್ದಾಗಿತ್ತು. 2005ರಲ್ಲಿ ಅದನ್ನು ತೆಗೆದರು. 2014ರ ವಿಶ್ವಕಪ್ಪಿಗೆ ಒಳಗನ್ನೆಲ್ಲ ಒಡೆದು ಕುರ್ಚಿ ಹಾಕಿ ಕಟ್ಟಿದರು. ಎರಡು ಲಕ್ಷ ಹಿಡಿದಿದ್ದ ಜಾಗ 78 ಸಾವಿರದ ಆಸುಪಾಸಿಗೆ ಬಂತು, ಟಿಕೆಟಿನ ಬೆಲೆ ಮೇಲಕ್ಕೆ ಹೋಯಿತು. ಸ್ಟೇಡಿಯಂ ಪಕ್ಕದಲ್ಲಿ ಹಿಂದೊಮ್ಮೆ ಮೂಲನಿವಾಸಿಗಳ ಮ್ಯೂಸಿಯಂ ಆಗಿದ್ದ ಪಾಳು ಕಟ್ಟಡ ಇತ್ತು. 2006ರಿಂದ ಬೇರೆ ಬೇರೆ ಬುಡಕಟ್ಟಿನವರು ಅಲ್ಲಿ ಬಿಡಾರ ಹೂಡಿ ‘ಮರಕಾನಾ ಹಳ್ಳಿ’ ಅಂತ ಹೆಸರಿಟ್ಟುಕೊಂಡಿದ್ದರು. 2013ರ ಮಾರ್ಚ್‌ನಲ್ಲಿ ಪೊಲೀಸರು ಅಶ್ರುವಾಯು ಹೊಡೆದು ಅವರನ್ನು ಹೊರಹಾಕಿದರು. ಆ ಹಕ್ಕಿಗೆ ಹೆಸರಿಟ್ಟ ಮಾತಿನ ಜನರ ನೆಂಟರು ಅವರು.

ಗಿಜಿಯಾನನ್ನು ಮಾತ್ರ ಮರಕಾನಾ ಕೈಬಿಡಲಿಲ್ಲ. 2009ರ ಡಿಸೆಂಬರಿನಲ್ಲಿ ಕರೆದು ಅವನ ಪಾದದ ಅಚ್ಚು ತೆಗೆದುಕೊಂಡರು. ಮುದುಕ ಕಣ್ಣೀರು ಹಾಕಿದ. ಮರಕಾನಾವನ್ನು ಮೌನವಾಗಿಸಿದವರು ಮೂರೇ ಜನ, ಸಿನಾತ್ರ, ಪೋಪ್ ಮತ್ತು ನಾನು ಅನ್ನೋದು ಅವನ ಪ್ರಸಿದ್ಧ ಮಾತು. 2015ರ ಜುಲೈ 16ರಂದು, ಗೋಲಿಗೆ 65 ವರ್ಷ ತುಂಬಿದ ದಿನವೇ ಅವನು ಸತ್ತ. ಅವನ ಮೇಲೆ ನನಗೇನೂ ಸಿಟ್ಟಿಲ್ಲ. ಅವನು ಹೊಡೆದದ್ದು ಒಳ್ಳೆಯ ಗೋಲು.

ಅದಕ್ಕೆ ಒಂದು ವರ್ಷ ಮುಂಚೆ, 2014ರ ಜುಲೈ 8ರಂದು, ಬ್ರೆಜಿಲ್ ತನ್ನದೇ ನೆಲದಲ್ಲಿ ಜರ್ಮನಿಗೆ 7-1ರಲ್ಲಿ ಸೋತಿತು. ಮರಕಾನಾದಲ್ಲಲ್ಲ, ಬೆಲೊ ಹೊರಿಜಾಂಚಿಯಲ್ಲಿ. ಮಾರನೇ ದಿನ ರಿಯೊದ ಒಂದು ಪತ್ರಿಕೆ ಮುಖಪುಟದಲ್ಲಿ 1950ರ ತಂಡಕ್ಕೆ ಅಭಿನಂದನೆ ಅಚ್ಚು ಹಾಕಿತು. ನಾಚಿಕೆಗೇಡು ಅಂದರೆ ಏನು ಅಂತ ನಮಗೆ ನಿನ್ನೆ ಗೊತ್ತಾಯಿತು ಅಂತ. ಅದನ್ನು ಓದಲು ಅವತ್ತು ಆಡಿದ ಹನ್ನೊಂದು ಜನರಲ್ಲಿ ಒಬ್ಬನೂ ಉಳಿದಿರಲಿಲ್ಲ. ಕಡೆಗೆ ಹೋದವನು ಜುವೆನಾಲ್, 2009ರ ಅಕ್ಟೋಬರ್‌ನಲ್ಲಿ.